ವಸ್ತು ಮುಟ್ಟಿದರೆ ನೆಗಡಿ, ಫ್ಲೂ, ಕೋವಿಡ್ ಅಂಟುತ್ತದೆಯೇ? ಯಾವುದನ್ನು ಒರೆಸಬೇಕು, ಯಾವುದನ್ನು ಬಿಡಬಹುದು

ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಉಸಿರಾಟದ ವೈರಸ್‌ಗಳು ಬಾಗಿಲ ಹಿಡಿ, ನಲ್ಲಿ, ಮೊಬೈಲ್, ಆಟಿಕೆಗಳ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲವು. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಅದು ಮುಖ್ಯ ದಾರಿಯಲ್ಲ. ಕೋವಿಡ್, ಫ್ಲೂ, ದಡಾರ ಇವೆಲ್ಲ ಜಾಸ್ತಿ ಹರಡುವುದು ಜೊತೆಯಲ್ಲಿ ಕೂತು ಉಸಿರಾಡುವ ಗಾಳಿಯಿಂದ. ಕೆಲವು ನೆಗಡಿ ವೈರಸ್‌ಗಳು ಮತ್ತು ಎಳೆ ಮಕ್ಕಳನ್ನು ಕಾಡುವ ಆರ್‌ಎಸ್‌ವಿ ವಿಷಯದಲ್ಲಿ ಕೈ ಮತ್ತು ವಸ್ತುಗಳ ಪಾಲು ಸ್ವಲ್ಪ ದೊಡ್ಡದು.

ಈ ವ್ಯತ್ಯಾಸ ತಿಳಿದಿರಬೇಕು ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾಯಿಲೆಯವರನ್ನು ನೋಡಿಕೊಳ್ಳುವವರ ಶಕ್ತಿಗೂ ಒಂದು ಮಿತಿ ಇರುತ್ತದೆ. ಆ ಶಕ್ತಿಯೆಲ್ಲ ನೆಲ, ಗೋಡೆ, ಪಾರ್ಸಲ್ ಡಬ್ಬಿ ಒರೆಸುವುದರಲ್ಲೇ ಕರಗಿಹೋದರೆ ನಿಜವಾಗಿ ಕಾಪಾಡುವ ಕೆಲಸಗಳು ಹಿಂದೆ ಬೀಳುತ್ತವೆ. ಹಾಗಾಗಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ, ಯಾವುದನ್ನು ಬಿಟ್ಟೇಬಿಡಬಹುದು ಅನ್ನುವ ಕ್ರಮದಲ್ಲೇ ಮುಂದಿನ ಹಂತಗಳಿವೆ.

ಹಂತ 1: ವೈರಸ್ ವಸ್ತುವಿನಿಂದ ನಿಮ್ಮ ಮೂಗಿಗೆ ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳಿ

ಬಾಗಿಲ ಹಿಡಿಯ ಮೇಲೆ ವೈರಸ್ ಇದೆ ಅಂದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ರೋಗಿಯ ಮೂಗು ಬಾಯಿಯಿಂದ ಸಾಕಷ್ಟು ವೈರಸ್ ಅಲ್ಲಿಗೆ ಬಂದಿರಬೇಕು. ನೀವು ಮುಟ್ಟುವವರೆಗೂ ಅದು ಜೀವಂತವಾಗಿರಬೇಕು. ಅಲ್ಲಿಂದ ನಿಮ್ಮ ಬೆರಳಿಗೆ ಹತ್ತಬೇಕು. ಬೆರಳ ಮೇಲೂ ಉಳಿಯಬೇಕು. ಆ ಬೆರಳು ಕಣ್ಣು, ಮೂಗು ಅಥವಾ ಬಾಯಿಗೆ ಹೋಗಬೇಕು. ಇಷ್ಟೆಲ್ಲ ಆದಮೇಲೂ ಕಾಯಿಲೆ ತರುವಷ್ಟು ಪ್ರಮಾಣ ಉಳಿದಿರಬೇಕು. ಪ್ರತಿ ಹೆಜ್ಜೆಗೂ ವೈರಸ್ ಕಡಿಮೆಯಾಗುತ್ತಾ ಹೋಗುತ್ತದೆ.

ಫ್ಲೂ ವೈರಸ್ ಬಗ್ಗೆ 1982ರಲ್ಲೇ ಒಂದು ಪ್ರಯೋಗ ಪ್ರಕಟವಾಗಿತ್ತು. ಸ್ಟೀಲ್ ಮತ್ತು ಪ್ಲಾಸ್ಟಿಕ್ ಮೇಲೆ ವೈರಸ್ 24ರಿಂದ 48 ಗಂಟೆ ಬದುಕಿತ್ತು. ಬಟ್ಟೆ, ಕಾಗದದ ಮೇಲೆ 8ರಿಂದ 12 ಗಂಟೆಯೊಳಗೆ ಸತ್ತಿತ್ತು. ಕೈಗೆ ದಾಟಿದ ಮೇಲೆ ಎಷ್ಟು ಹೊತ್ತು ಉಳಿಯಿತು ಗೊತ್ತಾ? ಹೆಚ್ಚೆಂದರೆ 5 ನಿಮಿಷ. ಸ್ಟೀಲಿನ ಲೆಕ್ಕ ಕೇಳಿದರೆ ಭಯವಾಗುತ್ತದೆ, ಕೈಯ ಲೆಕ್ಕ ಕೇಳಿದರೆ ಧೈರ್ಯ ಬರುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೇನೇ ನಿಜಸ್ಥಿತಿ ಕಾಣುವುದು.

ಕೋವಿಡ್ ಶುರುವಿನಲ್ಲಿ, 2020ರ ಮಾರ್ಚ್‌ನಲ್ಲಿ, ಪ್ಲಾಸ್ಟಿಕ್ ಮೇಲೆ ವೈರಸ್ 72 ಗಂಟೆ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆ ಇರುತ್ತದೆ ಅನ್ನುವ ಸುದ್ದಿ ಎಲ್ಲೆಡೆ ಓಡಾಡಿತು. ಅಂಕಿ ಸರಿಯಾಗಿಯೇ ಇತ್ತು. ಆದರೆ 72 ಗಂಟೆ ಪೂರ್ತಿ ವೈರಸ್ ಅಷ್ಟೇ ಬಲವಾಗಿ ಕೂತಿರುತ್ತದೆ ಅಂತ ಅದರ ಅರ್ಥವಲ್ಲ. ಅದೇ ಪ್ರಯೋಗದಲ್ಲಿ ಪ್ಲಾಸ್ಟಿಕ್ ಮೇಲಿನ ವೈರಸ್ ಸುಮಾರು 6.8 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಿತ್ತು. ಲೆಕ್ಕ ಹಾಕಿ ನೋಡಿ: ಒಂದು ದಿನ ಕಳೆಯುವಷ್ಟರಲ್ಲಿ ಉಳಿಯುವುದು ಸುಮಾರು ಹನ್ನೊಂದರಲ್ಲಿ ಒಂದು ಪಾಲು. ಮೂರು ದಿನಕ್ಕೆ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಯೋಗಾಲಯದಿಂದ 28 ದಿನದ ಸುದ್ದಿ ಬಂತು. ಗಾಜು, ಸ್ಟೀಲು, ನೋಟಿನ ಮೇಲೆ ವೈರಸ್ 28 ದಿನ ಉಳಿದಿತ್ತು. ಅಲ್ಲಿ ವೈರಸ್ಸನ್ನು ಇಟ್ಟಿದ್ದು ಕತ್ತಲಲ್ಲಿ, ಅಲುಗಾಡದ 20 ಡಿಗ್ರಿ ತಾಪಮಾನದಲ್ಲಿ. ಅದೇ ಪ್ರಯೋಗದಲ್ಲಿ ಶಾಖವನ್ನು 40 ಡಿಗ್ರಿಗೆ ಏರಿಸಿದಾಗ ಅದು ಎರಡು ದಿನದೊಳಗೆ ಹೋಗಿತ್ತು. ಬಿಸಿಲು ಬಿದ್ದರೆ ಇನ್ನೂ ಬೇಗ, ನಿಮಿಷಗಳ ಲೆಕ್ಕದಲ್ಲೇ ಹೋಗುತ್ತದೆ.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್ 2020ರ ಜುಲೈನಲ್ಲೇ ಎಚ್ಚರಿಸಿದ್ದು ಇದನ್ನೇ. ಪ್ರಯೋಗಾಲಯದಲ್ಲಿ ಸುರಿಯುವ ವೈರಸ್ ಪ್ರಮಾಣ, ಒಬ್ಬರು ಕೆಮ್ಮಿದಾಗ ಮೇಜಿನ ಮೇಲೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅಂದರು. ಆಗ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. 2021ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯೂ ಅದೇ ಕಡೆಗೆ ಬಂತು. ವೈರಸ್ ಇರುವ ವಸ್ತುವನ್ನು ಒಂದು ಸಲ ಮುಟ್ಟಿದರೆ ಕೋವಿಡ್ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತ ಕಡಿಮೆ ಅಂತ ಹೇಳಿತು.

ಇನ್ನೊಂದು ವಿಷಯ. "ಲಿಫ್ಟ್ ಬಟನ್ ಮೇಲೆ ವೈರಸ್ ಪತ್ತೆ" ಅನ್ನುವ ಸುದ್ದಿ ಓದಿದಾಗ, ಪತ್ತೆ ಮಾಡಿದ್ದು ಹೇಗೆ ಅಂತ ನೋಡಿ. ಹೆಚ್ಚಾಗಿ ಅದು ಪಿಸಿಆರ್ ಪರೀಕ್ಷೆ. ಪಿಸಿಆರ್‌ಗೆ ಸಿಗುವುದು ವೈರಸ್ಸಿನ ಆರ್‌ಎನ್‌ಎ, ಅಂದರೆ ವಂಶವಾಹಿ ವಸ್ತುವಿನ ಚೂರು. ಅದು ಜೀವಂತ ವೈರಸ್ಸಿನದ್ದೋ, ಸತ್ತದ್ದರದ್ದೋ ಅಂತ ಅದು ಹೇಳುವುದಿಲ್ಲ. ಬೂದಿ ಸಿಕ್ಕಿದರೆ ಇಲ್ಲಿ ಬೆಂಕಿ ಉರಿದಿತ್ತು ಅನ್ನಬಹುದು, ಈಗಲೂ ಸುಡುತ್ತದೆ ಅನ್ನಲಾಗದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾಮರ್‌ವಿಲ್ ಪಟ್ಟಣದಲ್ಲಿ 2020ರಲ್ಲಿ ಜನ ಪದೇಪದೇ ಮುಟ್ಟುವ ಜಾಗಗಳಿಂದ 348 ಮಾದರಿ ತೆಗೆದರು. ರಸ್ತೆ ದಾಟುವ ಬಟನ್, ಕಸದ ಡಬ್ಬಿಯ ಹಿಡಿ ಇಂಥವು. 29ರಲ್ಲಿ ವೈರಸ್ಸಿನ ಚೂರು ಸಿಕ್ಕಿತು. ಹಾಗಿದ್ದೂ ಒಂದು ಸಲ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ 10,000ದಲ್ಲಿ 5ಕ್ಕಿಂತ ಕಡಿಮೆ ಅಂತ ಆ ತಂಡ ಅಂದಾಜು ಮಾಡಿತು.

ಹಂತ 2: ಯಾವ ವೈರಸ್ ಅಂತ ಕೇಳಿಕೊಳ್ಳಿ

"ವೈರಸ್" ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಅರ್ಧ ಗೊಂದಲ. ಒಂದೊಂದರ ನಡೆಯೂ ಬೇರೆ.

ನೆಗಡಿಗೆ ಅತಿ ಸಾಮಾನ್ಯ ಕಾರಣ ರೈನೋವೈರಸ್. ಇದರ ಬಗ್ಗೆ ಅಮೆರಿಕದಲ್ಲಿ ಎರಡು ತಂಡಗಳು ಮಾಡಿದ ಪ್ರಯೋಗಗಳು ನನಗೆ ಬಹಳ ಮುಖ್ಯ ಅನ್ನಿಸುತ್ತವೆ, ಯಾಕೆಂದರೆ ಎರಡೂ ಒಂದಕ್ಕೊಂದು ವಿರುದ್ಧ ಹೇಳಿದ ಹಾಗೆ ಕಾಣುತ್ತವೆ. ಜ್ಯಾಕ್ ಗ್ವಾಲ್ಟ್ನಿ ಅವರ ತಂಡ 1978ರಲ್ಲಿ ನೆಗಡಿ ಇದ್ದವರ ಕೈಯನ್ನು ಆರೋಗ್ಯವಂತರು ಮುಟ್ಟುವಂತೆ ಮಾಡಿತು. ಆಮೇಲೆ ಅವರು ತಮ್ಮ ಬೆರಳಿನಿಂದ ಕಣ್ಣು ಮೂಗು ಮುಟ್ಟಿಕೊಂಡರು. 15 ಜನರಲ್ಲಿ 11 ಮಂದಿಗೆ ಸೋಂಕು ಬಂತು. 1982ರಲ್ಲಿ ಅದೇ ರೀತಿ ಕಪ್ಪಿನ ಹಿಡಿ ಮತ್ತು ಪ್ಲಾಸ್ಟಿಕ್ ಹಾಸುಗಳನ್ನು ಬಳಸಿದರು. ವೈರಸ್ ಹತ್ತಿದ ಕಪ್ಪಿನ ಹಿಡಿ ಮುಟ್ಟಿದ 10 ಜನರಲ್ಲಿ 5 ಮಂದಿಗೆ ಸೋಂಕಾಯಿತು.

ಇನ್ನೊಂದು ಕಡೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಲಿಯಟ್ ಡಿಕ್ ತಂಡ ನೆಗಡಿ ಇದ್ದವರನ್ನೂ ಇಲ್ಲದವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ 12 ಗಂಟೆ ಇಸ್ಪೀಟು ಆಡಿಸಿತು. ಆರೋಗ್ಯವಂತರಲ್ಲಿ 18 ಮಂದಿಗೆ ಮುಖ ಮುಟ್ಟಿಕೊಳ್ಳಲು ಆಗದಂತೆ ಕಟ್ಟುಪಾಡು. ಕೆಲವರ ತೋಳಿಗೆ ಮಡಚಲಾಗದ ಪಟ್ಟಿ, ಇನ್ನು ಕೆಲವರ ಕುತ್ತಿಗೆಗೆ ಅಗಲವಾದ ಪ್ಲಾಸ್ಟಿಕ್ ಬಳೆ. ಉಳಿದ 18 ಮಂದಿಗೆ ಯಾವ ತಡೆಯೂ ಇಲ್ಲ. ತಡೆ ಇಲ್ಲದವರಲ್ಲಿ 12 ಜನಕ್ಕೆ ಸೋಂಕು ತಗಲಿತು. ಮುಖ ಮುಟ್ಟಲಾಗದವರಲ್ಲೂ 10 ಜನಕ್ಕೆ ತಗಲಿತು. ಅಂದರೆ ಕೈ ಮುಖಕ್ಕೆ ಹೋಗದಿದ್ದರೂ ವೈರಸ್ ಹೋಯಿತು, ಗಾಳಿಯ ಮೂಲಕ. ಅಷ್ಟಕ್ಕೇ ಬಿಡಲಿಲ್ಲ. ನೆಗಡಿ ಇದ್ದ 8 ಮಂದಿ 12 ಗಂಟೆ ಬಳಸಿ, ಸಿಂಬಳದಿಂದ ಅಂಟಂಟಾದ ಎಲೆಗಳನ್ನು ಇನ್ನೊಂದು ಕೋಣೆಗೆ ಒಯ್ದು, ಅಲ್ಲಿ 12 ಜನ ಆರೋಗ್ಯವಂತರ ಕೈಗೆ ಕೊಟ್ಟರು. ಅವರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ಇದು ಪ್ರಕಟವಾಗಿದ್ದು 1987ರಲ್ಲಿ.

ಹಾಗಾದರೆ ಯಾರು ಸರಿ? ನನ್ನ ಪ್ರಕಾರ ಇಬ್ಬರೂ ಸರಿ. ಮೊದಲ ತಂಡ ಹಸಿಹಸಿ ವೈರಸ್ಸನ್ನು ಆಗಲೇ ಮುಟ್ಟಿಸಿ, ಆಗಲೇ ಕಣ್ಣು ಮೂಗಿಗೆ ಉಜ್ಜಿಸಿತ್ತು. ದಾರಿ ಇದೆ ಅಂತ ತೋರಿಸುವುದಕ್ಕೆ ಅದು ಸಾಕು. ಎರಡನೇ ತಂಡ ನೋಡಿದ್ದು ಜನ ತಮ್ಮಷ್ಟಕ್ಕೆ ತಾವಿದ್ದಾಗ ಆ ದಾರಿ ಎಷ್ಟು ಬಳಕೆಯಾಗುತ್ತದೆ ಅಂತ. ಈ ಎರಡರಿಂದ ನಾವು ಹಿಡಿದುಕೊಳ್ಳಬೇಕಾದದ್ದು ಹೊತ್ತಿನ ವಿಷಯ: ಈಗಷ್ಟೇ ಅಂಟಿದ, ಇನ್ನೂ ಒದ್ದೆಯಿರುವ ಸಿಂಬಳ ಅಪಾಯ. ಒಣಗಿ ಗಂಟೆಗಟ್ಟಲೆ ಕಳೆದದ್ದು ಅಷ್ಟು ಅಪಾಯವಲ್ಲ.

ಆರ್‌ಎಸ್‌ವಿ ವಿಷಯದಲ್ಲಿ ಮಾತ್ರ ವಸ್ತುಗಳನ್ನು ಹಗುರವಾಗಿ ಕಾಣಬೇಡಿ. ಎಳೆಗೂಸುಗಳಿಗೆ ಉಸಿರಾಟದ ತೊಂದರೆ ತರುವ ವೈರಸ್ ಇದು. 1981ರಲ್ಲಿ ಅಮೆರಿಕದ ಮಕ್ಕಳ ವೈದ್ಯೆ ಕ್ಯಾರೊಲಿನ್ ಹಾಲ್ ಮತ್ತು ಅವರ ಸಹೋದ್ಯೋಗಿ ಆಸ್ಪತ್ರೆಯಲ್ಲಿದ್ದ ಸೋಂಕಿತ ಕೂಸುಗಳ ಸುತ್ತ ಒಂದು ಸರಳ ಪ್ರಯೋಗ ಮಾಡಿದರು. ಕೂಸನ್ನು ಎತ್ತಿ ಮುದ್ದಾಡಿದ 7 ಮಂದಿಯಲ್ಲಿ 5 ಜನಕ್ಕೆ ಸೋಂಕು. ಕೂಸನ್ನು ಮುಟ್ಟದೆ, ಅದು ಇದ್ದ ಜಾಗದ ವಸ್ತುಗಳನ್ನು ಮಾತ್ರ ಮುಟ್ಟಿ ಆಮೇಲೆ ಮುಖ ಮುಟ್ಟಿಕೊಂಡ 10 ಮಂದಿಯಲ್ಲಿ 4 ಜನಕ್ಕೆ. ದೂರದಲ್ಲಿ ಸುಮ್ಮನೆ ಕೂತ 14 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಗಟ್ಟಿ ಮೇಜಿನ ಮೇಲೆ ಈ ವೈರಸ್ ಸುಮಾರು 6 ಗಂಟೆ ಉಳಿಯುತ್ತದೆ. ಹಾಗಾಗಿ ಪುಟ್ಟ ಮಗು ಇರುವ ಮನೆಯಲ್ಲಿ ಕೈ ತೊಳೆಯುವುದು, ಆಟಿಕೆ ತೊಳೆಯುವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಅಡಿನೋವೈರಸ್ ಇನ್ನೊಂದು ಹಠಮಾರಿ. ಗಂಟಲು ನೋವು, ಕೆಂಗಣ್ಣು ತರುತ್ತದೆ. ಒಣ ಜಾಗದಲ್ಲೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಅದಕ್ಕೆ ಕೊಬ್ಬಿನ ಹೊರಪದರ ಇಲ್ಲ. ಫ್ಲೂ, ಕೋವಿಡ್, ಆರ್‌ಎಸ್‌ವಿ ವೈರಸ್‌ಗಳಿಗೆ ಆ ಪದರ ಇದೆ, ಸೋಪು ಅದನ್ನು ಕರಗಿಸಿ ಅವನ್ನು ಕೊಲ್ಲುತ್ತದೆ. ಅಡಿನೋ ಮತ್ತು ರೈನೋಗಳನ್ನು ಸೋಪು ಕೊಲ್ಲುವುದಕ್ಕಿಂತ ಜಾಸ್ತಿ, ನೀರಿನ ಜೊತೆ ಕೈಯಿಂದ ಜಾರಿಸಿ ಕಳಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಕೆಂಗಣ್ಣು ಬಂದಿದ್ದರೆ ಅವರ ಟವೆಲ್, ದಿಂಬಿನ ಕವರ್ ಬೇರೆ ಇಡುವುದು ಇದೇ ಕಾರಣಕ್ಕೆ.

ದಡಾರಕ್ಕೆ ಒರೆಸುವ ಬಟ್ಟೆ ಉತ್ತರವೇ ಅಲ್ಲ. ರೋಗಿ ಕೋಣೆಯಿಂದ ಹೊರಗೆ ಹೋದ ಮೇಲೂ ಎರಡು ಗಂಟೆಯವರೆಗೆ ಅದು ಗಾಳಿಯಲ್ಲಿ ಇರಬಲ್ಲದು. ಅದಕ್ಕೆ ಲಸಿಕೆಯೇ ಸರಿ.

ಹಂತ 3: ಬಟ್ಟೆ ಹಿಡಿಯುವ ಮೊದಲು ಕಿಟಕಿ ತೆರೆಯಿರಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ಮಂಡಳಿ ಅಭ್ಯಾಸಕ್ಕೆ ಸೇರಿತ್ತು. 61 ಮಂದಿ, ಎರಡೂವರೆ ಗಂಟೆ. ಒಬ್ಬರಿಗೆ ಮೊದಲೇ ನೆಗಡಿಯಂಥ ಲಕ್ಷಣ ಇತ್ತು. ಕೊನೆಗೆ ಅವರೂ ಸೇರಿ 53 ಮಂದಿ ಕೋವಿಡ್ ರೋಗಿಗಳ ಪಟ್ಟಿಗೆ ಸೇರಿದರು. ಇಬ್ಬರು ತೀರಿಕೊಂಡರು. ಅಷ್ಟೂ ಜನ ಒಂದೇ ಹಿಡಿಯನ್ನು ಮುಟ್ಟಿ ಮೂಗು ಉಜ್ಜಿಕೊಂಡರು ಅನ್ನುವುದು ನಂಬುವ ಮಾತಲ್ಲ. ಆಮೇಲೆ ನಡೆದ ವಿಶ್ಲೇಷಣೆಯೂ ಆ ಕೋಣೆಯ ಗಾಳಿಯತ್ತಲೇ ಬೆರಳು ತೋರಿಸಿತು.

ಆದ್ದರಿಂದ ಮನೆಯಲ್ಲೋ ಆಫೀಸಿನಲ್ಲೋ ಯಾರಿಗಾದರೂ ಕೆಮ್ಮು ಜ್ವರ ಶುರುವಾದರೆ ಮೊದಲ ಕೆಲಸ ಗಾಳಿ ಆಡುವಂತೆ ಮಾಡುವುದು. ಎದುರುಬದುರಿನ ಎರಡು ಕಿಟಕಿ, ಇಲ್ಲವೇ ಒಂದು ಕಿಟಕಿ ಒಂದು ಬಾಗಿಲು ತೆರೆಯಿರಿ. ಫ್ಯಾನ್ ಇದ್ದರೆ ರೋಗಿಯ ಕಡೆಯ ಗಾಳಿ ಕಿಟಕಿಯಿಂದ ಹೊರಗೆ ಹೋಗುವ ಹಾಗೆ ತಿರುಗಿಸಿ, ಬೇರೆಯವರ ಮುಖದ ಕಡೆಗೆ ಬೇಡ. ಮುಚ್ಚಿದ ಕೋಣೆಯ ಎಸಿ ಅದೇ ಗಾಳಿಯನ್ನು ಸುತ್ತಿಸುತ್ತಿರುತ್ತದೆ, ಅದನ್ನು ನಂಬಿ ಕೂರಬೇಡಿ. ಸಾಧ್ಯವಾದರೆ ರೋಗಿಗೆ ಬೇರೆ ಕೋಣೆ ಕೊಡಿ. ಹತ್ತಿರ ಹೋಗುವಾಗ ಇಬ್ಬರೂ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಹಾಕಿಕೊಳ್ಳಿ, ಎನ್95 ಆದರೆ ಒಳ್ಳೆಯದು.

ಇಷ್ಟು ಮಾಡಿದ ಮೇಲೆ ಒರೆಸುವ ಮಾತು.

ಹಂತ 4: ಕೈ

ವಸ್ತುವಿಗೂ ಮುಖಕ್ಕೂ ನಡುವೆ ಇರುವ ಮುಖ್ಯ ಸೇತುವೆ ಕೈ. ಅದನ್ನು ನೋಡಿಕೊಂಡರೆ ಮನೆಯ ನೂರು ವಸ್ತುಗಳನ್ನು ನೋಡಿಕೊಳ್ಳಬೇಕಾಗಿಲ್ಲ.

ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ತರಗತಿಯಲ್ಲಿ ಕೂತಿದ್ದಾಗ ವಿಡಿಯೋ ಮಾಡಿ ಎಣಿಸಿದರು. ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಳ್ಳುತ್ತಿದ್ದರು. ಅದರಲ್ಲಿ ಶೇ. 44ರಷ್ಟು ಸಲ ಬೆರಳು ಕಣ್ಣು, ಮೂಗು ಅಥವಾ ಬಾಯಿಗೆ ಹೋಗಿತ್ತು. ಸೋಂಕಿನ ಬಗ್ಗೆ ಓದುತ್ತಿರುವವರೇ ಹೀಗೆ ಅಂದಮೇಲೆ, "ಮುಖ ಮುಟ್ಟಬೇಡಿ" ಅಂತ ಸುಮ್ನೆ ಹೇಳಿ ಪ್ರಯೋಜನವಿಲ್ಲ ಅಲ್ವಾ? ಅಭ್ಯಾಸ ಬಿಡಿಸುವುದಕ್ಕಿಂತ ಕೈ ಚೊಕ್ಕಟವಾಗಿ ಇಡುವುದು ಸುಲಭ.

ತೊಳೆಯಬೇಕಾದ ಹೊತ್ತುಗಳು ಇವು: ಹೊರಗಿಂದ ಬಂದ ತಕ್ಷಣ, ಊಟ ತಿಂಡಿಗೆ ಮೊದಲು, ಮೂಗು ಒರೆಸಿಕೊಂಡ ಮೇಲೆ, ರೋಗಿಯನ್ನೋ ಅವರ ವಸ್ತುವನ್ನೋ ಮುಟ್ಟಿದ ಮೇಲೆ, ಮಗುವಿನ ಸಿಂಬಳ ತೆಗೆದ ಮೇಲೆ, ಕಣ್ಣಿಗೆ ಲೆನ್ಸ್ ಅಥವಾ ಔಷಧಿ ಹಾಕುವ ಮೊದಲು. ಮಾಸ್ಕ್ ತೆಗೆದ ಮೇಲೂ.

ಕೈ ತೊಳೆಯಲು 20 ಸೆಕೆಂಡು ಬೇಕು, ಅದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹೆಚ್ಚಿನವರು ಅಂಗೈ ಎರಡು ಸಲ ಉಜ್ಜಿ ನೀರಿಗೆ ಹಿಡಿಯುತ್ತಾರೆ. ಮೂಗಿಗೆ, ಕಣ್ಣಿಗೆ ಹೋಗುವುದು ಅಂಗೈ ಅಲ್ಲ, ಬೆರಳ ತುದಿ. ಸೋಪಿನ ನೊರೆ ಬಂದ ಮೇಲೆ ಒಂದು ಕೈಯ ಐದೂ ಬೆರಳ ತುದಿಯನ್ನು ಇನ್ನೊಂದು ಅಂಗೈಯ ಗುಳಿಯಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿ. ಉಗುರಿನ ಕೆಳಗೆ ನೊರೆ ಹೋಗಬೇಕು. ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಸುತ್ತಿಸಿ. ಬೆರಳ ಸಂದು, ಕೈಯ ಹಿಂಬದಿ. ಆಮೇಲೆ ತೊಳೆದು, ನಿಮ್ಮದೇ ಟವೆಲ್‌ನಲ್ಲಿ ಒರೆಸಿಕೊಳ್ಳಿ. ಒದ್ದೆ ಕೈ ಒಣ ಕೈಗಿಂತ ಬೇಗ ಕೊಳೆ ಹತ್ತಿಸಿಕೊಳ್ಳುತ್ತದೆ. ಸೋಪು ಯಾವುದಾದರೂ ಆದೀತು, "ಕೀಟಾಣುನಾಶಕ" ಅಂತ ಬರೆದಿರಬೇಕಿಲ್ಲ.

ನೀರು ಸೋಪು ಇಲ್ಲದ ಕಡೆ ಸ್ಯಾನಿಟೈಸರ್. ಅದರಲ್ಲಿ ಕನಿಷ್ಠ ಶೇ. 60 ಆಲ್ಕೋಹಾಲ್ ಇರಬೇಕು. ಕೈ ಪೂರ್ತಿ ಒದ್ದೆಯಾಗುವಷ್ಟು ಹಾಕಿ ತಾನಾಗಿಯೇ ಒಣಗುವವರೆಗೂ ಉಜ್ಜಿ, ಬಟ್ಟೆಗೆ ಒರೆಸಿಕೊಳ್ಳಬೇಡಿ. ಕೈಯಲ್ಲಿ ಮಣ್ಣು, ಜಿಡ್ಡು, ಸಿಂಬಳ ಕಾಣುವಂತಿದ್ದರೆ ಸ್ಯಾನಿಟೈಸರ್ ನಡೆಯುವುದಿಲ್ಲ. ಅಡಿನೋ, ರೈನೋಗಳ ಮೇಲೆ ಅದರ ಬಲ ಕಡಿಮೆ, ಅಲ್ಲಿ ಸೋಪು ನೀರೇ ವಾಸಿ.

ಗ್ಲೌಸ್ ಹಾಕಿಕೊಂಡು ಓಡಾಡುವುದನ್ನು ನಾನು ಬೇಡ ಅನ್ನುತ್ತೇನೆ. ಗ್ಲೌಸ್ ಹಾಕಿದ ಕೈಯೂ ಮೂಗು ಮುಟ್ಟುತ್ತದೆ, ಮೊಬೈಲ್ ಮುಟ್ಟುತ್ತದೆ. ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್ ದ್ರವ) ಬಳಸುವಾಗ ಚರ್ಮ ಕಾಪಾಡಲು ಅದು ಬೇಕು, ಅಷ್ಟೇ.

ಕೈ ತೊಳೆಯುವುದರಿಂದ ಎಷ್ಟು ಲಾಭ? ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ಪರಿಶೀಲನೆ 2023ರಲ್ಲಿ ಹೇಳಿದ್ದು, ಉಸಿರಾಟದ ಕಾಯಿಲೆಗಳು ಸುಮಾರು ಶೇ. 14 ಕಡಿಮೆಯಾಗುತ್ತವೆ ಅಂತ. ದೊಡ್ಡ ಅಂಕಿ ಅನ್ನಿಸದಿರಬಹುದು. ಆದರೆ ಇದಕ್ಕೆ ಬೇಕಾದದ್ದು ಒಂದು ಸೋಪು, ಅರ್ಧ ನಿಮಿಷ. ಜೊತೆಗೆ ವಾಂತಿ ಭೇದಿಯೂ ಕಡಿಮೆಯಾಗುತ್ತದೆ.

ಹಂತ 5: ಒರೆಸಬೇಕಾದ ವಸ್ತು ಆರಿಸಿ

ಒಂದು ವಸ್ತು ನೋಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಒಬ್ಬರಿಗಿಂತ ಹೆಚ್ಚು ಜನ ಮುಟ್ಟುತ್ತಾರಾ? ಕಾಯಿಲೆ ಇರುವವರು ಇವತ್ತು ಮುಟ್ಟಿದ್ದಾರಾ? ಇದನ್ನು ಮುಟ್ಟಿದ ಕೈ ಬೇಗ ಮುಖಕ್ಕೆ ಹೋಗುತ್ತದಾ? ಮೂರಕ್ಕೂ ಹೌದು ಅಂದರೆ ಒರೆಸಿ.

ಹೀಗೆ ನೋಡಿದರೆ ಪಟ್ಟಿ ಚಿಕ್ಕದು. ರೋಗಿಯ ಕೋಣೆಯ ಬಾಗಿಲ ಹಿಡಿ ಮತ್ತು ಚಿಲಕ, ಬಚ್ಚಲಿನ ನಲ್ಲಿ, ಫ್ಲಶ್ ಗುಂಡಿ, ಲೈಟ್ ಸ್ವಿಚ್ಚು, ಟಿವಿ ರಿಮೋಟ್, ಎಲ್ಲರೂ ಬಳಸುವ ಫೋನ್, ನೀರಿನ ಜಗ್ಗಿನ ಹಿಡಿ, ಥರ್ಮಾಮೀಟರ್. ಆಫೀಸಿನಲ್ಲಾದರೆ ಪಾಳಿಯಲ್ಲಿ ಹಂಚಿಕೊಳ್ಳುವ ಕೀಬೋರ್ಡ್, ಮೌಸ್.

ಬಿಡಬಹುದಾದವು: ನೆಲ, ಗೋಡೆ, ಕರ್ಟನ್, ಹೊರಗಿನ ರಸ್ತೆ, ಪಾರ್ಸಲ್ ಡಬ್ಬಿ, ಪತ್ರಿಕೆ, ಶೂ ಅಡಿ. ನೆಲ ಗುಡಿಸಿ ಒರೆಸುವುದು ಶುಚಿತ್ವಕ್ಕೆ ಬೇಕು, ವೈರಸ್ಸಿಗಾಗಿ ಬೇರೆ ಮದ್ದು ಬೇಡ. ಪಾರ್ಸಲ್ ತೆರೆದ ಮೇಲೆ ಕೈ ತೊಳೆದರೆ ಮುಗಿಯಿತು.

ಹಾಗಂತ ಮನೆಯೊಳಗೆ ವಸ್ತುಗಳ ಪಾತ್ರವೇ ಇಲ್ಲ ಅನ್ನುವ ತುದಿಗೂ ಹೋಗಬೇಡಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ 279 ಮನೆಗಳಲ್ಲಿ ಕೋವಿಡ್ ಹರಡಿದ್ದನ್ನು ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲ ರೋಗಿಯ ಕೈಯಲ್ಲಿ ವೈರಸ್ಸಿನ ಗುರುತು ಸಿಕ್ಕ ಮನೆಗಳಲ್ಲಿ ಉಳಿದವರಿಗೆ ಸೋಂಕು ಬರುವ ಸಾಧ್ಯತೆ ಸುಮಾರು 1.7 ಪಟ್ಟು ಹೆಚ್ಚಿತ್ತು. ಪದೇಪದೇ ಮುಟ್ಟುವ ಜಾಗಗಳಲ್ಲಿ ಗುರುತು ಸಿಕ್ಕಾಗಲೂ ಸುಮಾರು ಅಷ್ಟೇ. ಇದರಿಂದ ಕೈಯೇ ಕಾರಣ ಅಂತ ಸಾಬೀತಾಗುವುದಿಲ್ಲ, ಯಾಕೆಂದರೆ ಜಾಸ್ತಿ ವೈರಸ್ ಹೊರಹಾಕುವವರು ಗಾಳಿಗೂ ಜಾಸ್ತಿ ಬಿಡುತ್ತಾರೆ. ಆದರೂ ಒಂದೇ ಸೂರಿನಡಿ, ದಿನಪೂರ್ತಿ, ಅದೇ ವಸ್ತುಗಳನ್ನು ಮುಟ್ಟುತ್ತಾ ಇರುವಾಗ ಎಚ್ಚರ ವಹಿಸುವುದು ನ್ಯಾಯ.

ಹಂತ 6: ಸರಿಯಾಗಿ ಒರೆಸಿ

ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲದಿದ್ದರೆ ಸೋಪು ನೀರಿನಲ್ಲಿ ಒರೆಸಿದರೆ ಸಾಕು. ಕಳೆದ 24 ಗಂಟೆಯಲ್ಲಿ ಕಾಯಿಲೆಯವರು ಅಲ್ಲಿದ್ದರೆ, ಇಲ್ಲವೇ ಮನೆಯಲ್ಲಿ ತೀರಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ ಸೋಂಕುನಾಶಕವೂ ಬೇಕು.

ಮೊದಲು ಸೋಪು ನೀರು, ಆಮೇಲೆ ಸೋಂಕುನಾಶಕ. ಈ ಕ್ರಮ ತಪ್ಪಿಸಬೇಡಿ. ಜಿಡ್ಡು, ಕೊಳೆ ಇದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿ ಹೋಗುತ್ತದೆ. ಇನ್ನು ಹೆಚ್ಚಿನವರು ಎಡವುವ ಜಾಗ ಒಂದಿದೆ: ಸಿಂಪಡಿಸಿದ ತಕ್ಷಣ ಒರೆಸಿ ಒಣಗಿಸಿಬಿಡುವುದು. ಸೋಂಕುನಾಶಕಕ್ಕೆ ಕೆಲಸ ಮಾಡಲು ಹೊತ್ತು ಬೇಕು. ಬಾಗಿಲ ಹಿಡಿಯನ್ನು ನೆನೆಸಿದ ಬಟ್ಟೆಯಿಂದ ಸುತ್ತಲೂ, ಕೆಳಭಾಗವೂ ಸೇರಿ ಒರೆಸಿ. ಬೆರಳು ಬಳಸುವುದು ಹಿಡಿಯ ಒಳಬದಿ, ಬಟ್ಟೆಗೆ ಸಿಗದೆ ಉಳಿಯುವುದೂ ಅದೇ. ಒರೆಸಿದ ಮೇಲೆ ಹಿಡಿಯ ಮೈ ಪೂರ್ತಿ ಒದ್ದೆಯಾಗಿ ಹೊಳೆಯುತ್ತಿರಬೇಕು. ಆ ಹೊಳಪು ಕನಿಷ್ಠ ಒಂದು ನಿಮಿಷ ಇರಬೇಕು, ಬಾಟಲಿಯ ಮೇಲೆ ಅದಕ್ಕಿಂತ ಹೆಚ್ಚು ಬರೆದಿದ್ದರೆ ಅಷ್ಟು. ಬೇಗ ಒಣಗಿದರೆ ಇನ್ನೊಮ್ಮೆ ಹಚ್ಚಿ.

ಬ್ಲೀಚ್ ಬೆರೆಸುವ ಲೆಕ್ಕ ಸುಲಭ. ನಮಗೆ ಬೇಕಾದದ್ದು ಶೇ. 0.1ರ ದ್ರಾವಣ. 100 ಅನ್ನು ಬಾಟಲಿಯ ಮೇಲಿನ ಶೇಕಡಾ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ, ಒಂದು ಲೀಟರ್ ದ್ರಾವಣಕ್ಕೆ ಬೇಕಾದ ಮಿಲಿಲೀಟರ್ ಬ್ಲೀಚ್. ಶೇ. 5ರ ಬ್ಲೀಚ್ ಆದರೆ 20 ಮಿ.ಲೀ., ಉಳಿದ 980 ಮಿ.ಲೀ. ನೀರು. ಶೇ. 4ರದ್ದಾದರೆ 25 ಮಿ.ಲೀ. ತಣ್ಣೀರೇ ಇರಲಿ, ಬಿಸಿನೀರು ಬೇಡ. ಆಯಾ ದಿನದ್ದು ಆಯಾ ದಿನ ಬೆರೆಸಿ. ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ಲೋಹ ತುಕ್ಕು ಹಿಡಿಯುತ್ತದೆ, ಆಮೇಲೆ ನೀರಿನಲ್ಲಿ ಒರೆಸಿ. ಮೊಬೈಲ್, ರಿಮೋಟಿಗೆ ಬ್ಲೀಚ್ ಬೇಡ. ಅವನ್ನು ಆಫ್ ಮಾಡಿ, ಶೇ. 70 ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಿಂದ ಒರೆಸಿ. ಹತ್ತಿರ ಬೆಂಕಿ ಇರಬಾರದು.

ಇದನ್ನು ದಯವಿಟ್ಟು ಎರಡು ಸಲ ಓದಿ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೂ ವಿಷದ ಹೊಗೆ. ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಕ್ಕೇ ಕುತ್ತು. 2020ರ ಮೇ ತಿಂಗಳಲ್ಲಿ ಸಿಡಿಸಿ ನಡೆಸಿದ ಸಮೀಕ್ಷೆಯಲ್ಲಿ ಶೇ. 39ರಷ್ಟು ಜನ ಅಪಾಯದ ಒಂದಲ್ಲ ಒಂದು ಕೆಲಸ ಮಾಡಿದ್ದರು: ತಿನ್ನುವ ಪದಾರ್ಥವನ್ನು ಬ್ಲೀಚಿನಲ್ಲಿ ತೊಳೆಯುವುದು, ಮನೆ ಕ್ಲೀನರನ್ನು ಮೈಗೆ ಹಚ್ಚುವುದು, ಅದರ ಆವಿ ಎಳೆದುಕೊಳ್ಳುವುದು. ವಸ್ತುಗಳಿಂದ ಬರುವ ಸಣ್ಣ ಅಪಾಯಕ್ಕೆ ಹೆದರಿ ದೊಡ್ಡ ಅಪಾಯವನ್ನು ಮನೆಯೊಳಗೆ ತಂದುಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ. ಮನುಷ್ಯರ ಮೇಲೆ ಸೋಂಕುನಾಶಕ ಸಿಂಪಡಿಸುವುದಂತೂ ಯಾವ ಕಾರಣಕ್ಕೂ ಕೂಡದು.

ಹಂತ 7: ಪುಟ್ಟ ಮಕ್ಕಳ ಆಟಿಕೆ

ಮಗು ಬಾಯಿಗಿಟ್ಟ ಆಟಿಕೆ ಜೊಲ್ಲಿನಿಂದ ಒದ್ದೆಯಾಗಿರುತ್ತದೆ, ಎರಡೇ ನಿಮಿಷದಲ್ಲಿ ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತದೆ. ಒಣಗಲು ಹೊತ್ತೇ ಇಲ್ಲ, ನಡುವೆ ಕೈ ಕೂಡ ಬೇಕಿಲ್ಲ. ವಸ್ತುವಿನಿಂದ ವೈರಸ್ ದಾಟುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಮಕ್ಕಳು ಸೇರುವ ಜಾಗದಲ್ಲಿ ಒಂದು ಬುಟ್ಟಿ ಇಡಿ. ಬಾಯಿಗೆ ಹೋದ ಆಟಿಕೆಯನ್ನು ಅಲ್ಲೇ ಎತ್ತಿ ಬುಟ್ಟಿಗೆ ಹಾಕಿ, ದಿನದ ಕೊನೆಗೆ ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಬಿಸಿಲಿಗೆ ಒಣಗಿಸಿ. ಕಾಯಿಲೆ ಓಡಾಡುತ್ತಿದ್ದರೆ ಬ್ಲೀಚ್ ದ್ರಾವಣದ ನಂತರ ನೀರಿನಲ್ಲಿ ಮತ್ತೊಮ್ಮೆ ಜಾಲಿಸುವುದನ್ನು ಮರೆಯಬೇಡಿ. ಬಟ್ಟೆಯ ಗೊಂಬೆ ಆ ದಿನಗಳಲ್ಲಿ ಹಂಚಿಕೊಳ್ಳುವುದು ಬೇಡ. ಕೂಸಿಗೆ ಮುತ್ತಿಡುವ ಮೊದಲು, ಎತ್ತಿಕೊಳ್ಳುವ ಮೊದಲು ದೊಡ್ಡವರು ಕೈ ತೊಳೆಯಲಿ. ನೆಗಡಿ ಇದ್ದವರು ಮುತ್ತನ್ನು ಒಂದು ವಾರ ಮುಂದೂಡಲಿ.

ಹಂತ 8: ಕಾಯಿಲೆ ಮುಗಿದ ಮೇಲೆ

ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದ ಹಿಡಿದು ಆಮೇಲಿನ 5ರಿಂದ 7 ದಿನದವರೆಗೆ ಬೇರೆಯವರಿಗೆ ಹರಡಬಲ್ಲರು. ಆರ್‌ಎಸ್‌ವಿ ಸಾಮಾನ್ಯವಾಗಿ 3ರಿಂದ 8 ದಿನ. ಪುಟ್ಟ ಮಕ್ಕಳಲ್ಲಿ ಇನ್ನೂ ಜಾಸ್ತಿ. ಒರೆಸುವ ಕೆಲಸವೂ ಅಷ್ಟು ದಿನ ನಡೆಯಲಿ, ದಿನಕ್ಕೊಂದು ಸಲ.

ರೋಗಿ ಬಳಸಿದ ಬಟ್ಟೆಯನ್ನು ಬೇರೆ ಒಗೆಯಬೇಕಿಲ್ಲ, ಎಲ್ಲರ ಬಟ್ಟೆಯ ಜೊತೆ ಸಾಮಾನ್ಯ ಸೋಪಿನಲ್ಲಿ ಒಗೆಯಿರಿ, ಪೂರ್ತಿ ಒಣಗಿಸಿ. ತಟ್ಟೆ ಲೋಟಗಳಿಗೂ ದಿನದ ಸೋಪೇ ಸಾಕು. ಹಲ್ಲುಜ್ಜುವ ಬ್ರಷ್ ಎಸೆಯಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಕಿಲ್ಲ. ಈಗ ತಾನೆ ಗೆದ್ದ ವೈರಸ್ಸೇ ನಿಮ್ಮ ಬ್ರಷ್ಷಿನಿಂದ ಮತ್ತೆ ನಿಮಗೆ ಕಾಯಿಲೆ ತರುವುದಿಲ್ಲ. ಆದರೆ ಅದು ಬೇರೆಯವರ ಬ್ರಷ್ಷಿಗೆ ತಾಗುವಂತೆ ಒಂದೇ ಲೋಟದಲ್ಲಿ ಇಡಬೇಡಿ.

ರೋಗಿ ಇದ್ದ ಕೋಣೆ ಖಾಲಿಯಾದ ತಕ್ಷಣ ನುಗ್ಗಿ ತೊಳೆಯುವ ಅವಸರವೂ ಬೇಡ. ಕಿಟಕಿ ತೆರೆದು ಕೆಲವು ಗಂಟೆ ಬಿಟ್ಟು ಆಮೇಲೆ ಹೋಗಿ. ಆ ಕೋಣೆಯನ್ನು ಯಾರೂ ಬಳಸದೆ ಮೂರು ದಿನ ಕಳೆದಿದ್ದರೆ ಸೋಂಕುನಾಶಕವೂ ಬೇಡ, ಎಂದಿನಂತೆ ಗುಡಿಸಿ ಒರೆಸಿದರೆ ಸಾಕು.